ಎಲ್ಲಾನೂ ಪಾಸ್ಟರೇ ಮಾಡ್ಬೇಕಾ?

ಈಗ ವಿಮೋಚನಕಾಂಡ 18 ಓದಿದ್ವಿ. ಮೋಶೆ ಬೆಳಗಿನಿಂದ ಸಾಯಂಕಾಲದವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸ್ತಿದ್ದ. ಮಾವ ಇತ್ರೋ ನೋಡಿ, ಭಾರ ಹಂಚು ಅಂತ ಬುದ್ಧಿ ಹೇಳಿದ. ಅದೇ ಬುದ್ಧಿಯನ್ನ ಲೋಕವೇ ಬಲ್ಲ ಒಬ್ಬ ಪಾಸ್ಟರಿಗೆ ಹೇಳಿದ ತಾಯಿಯ ಜೀವನ ಇವತ್ತು ಹೇಳ್ತೀನಿ.

ಸೆಪ್ಟಿಮಾ ಕ್ಲಾರ್ಕ್ 1898ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದರು. ತಂದೆ ಗುಲಾಮಗಿರಿಯಲ್ಲಿ ಹುಟ್ಟಿದವರು, ತಾಯಿ ಊರವರ ಬಟ್ಟೆ ಒಗೆದವರು. ಮಗಳು ಟೀಚರ್ ಆದರು. ಕಪ್ಪು ಜನರ ಹಕ್ಕಿಗಾಗಿ ದುಡಿಯುವ ಸಂಘವನ್ನ ಬಿಡಲ್ಲ ಅಂದದ್ದಕ್ಕೆ 1956ರಲ್ಲಿ ಕೆಲಸ ಹೋಯ್ತು, ಪಿಂಚಣಿನೂ ಹೋಯ್ತು.

ಆಗ ಅಲ್ಲಿ ವೋಟರ್ ಪಟ್ಟಿಗೆ ಸೇರೋಕೆ ರಾಜ್ಯದ ಸಂವಿಧಾನ ಓದಿ ತೋರಿಸಬೇಕಿತ್ತು. ಓದು ಬಾರದ ಕಪ್ಪು ಜನ ಹೊರಗೇ ಉಳಿದರು. 1957ರ ಜನವರಿಯಲ್ಲಿ ಜಾನ್ಸ್ ದ್ವೀಪದ ಒಂದು ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಶಾಲೆ ಶುರುವಾಯ್ತು. ಕಲಿಸೋಕೆ ಸೆಪ್ಟಿಮಾ ಆರಿಸಿದ್ದು ಯಾರನ್ನ? ಬ್ಯೂಟಿ ಪಾರ್ಲರ್ ನಡೆಸ್ತಿದ್ದ ಬರ್ನಿಸ್ ರಾಬಿನ್ಸನ್‌ರನ್ನ! ದೊಡ್ಡವರು 14 ಜನ ಬಂದರು. ಮೊದಲು ತಮ್ಮ ಹೆಸರು ಬರೆಯೋದು, ಮನಿ ಆರ್ಡರ್ ಫಾರಂ ತುಂಬೋದು, ಆಮೇಲೆ ಸಂವಿಧಾನ.

1961ರಲ್ಲಿ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘ ಈ ಕೆಲಸ ವಹಿಸಿಕೊಂಡಿತು. ಊರೂರಿನ ಸಾಮಾನ್ಯ ಜನ ಜಾರ್ಜಿಯಾದ ಡಾರ್ಚೆಸ್ಟರ್‌ಗೆ ಬಂದು ತರಬೇತಿ ಪಡೆದು, ತಮ್ಮೂರಲ್ಲಿ ಶಾಲೆ ನಡೆಸಿದರು. ಆದರೂ ಮೆರವಣಿಗೆ ಅಂದ್ರೆ ಕಿಂಗ್ ಅವರೇ ಮುಂದೆ ನಿಲ್ಲಬೇಕು. ಎಲ್ಲಾ ಕಡೆ ನೀವೇ ಹೋಗಬೇಡಿ, ಆಯಾ ಊರಿನ ನಾಯಕರನ್ನ ಬೆಳೆಸಿ ಅಂತ ಸೆಪ್ಟಿಮಾ ಕಾಗದ ಬರೆದರು. ಅದನ್ನ ಓದಿದಾಗ ಕಚೇರಿಯವರು ನಕ್ಕರಂತೆ. ತಾಯಿ ತರಬೇತಿ ಬಿಡಲಿಲ್ಲ. ಕೆಲಸ ಕಳಕೊಂಡ ಊರಲ್ಲೇ ಮುಂದೆ ಸ್ಕೂಲ್ ಬೋರ್ಡಿಗೆ ಚುನಾಯಿತರಾದರು. 1987ರಲ್ಲಿ ತೀರಿಕೊಂಡರು.

ದೇವಜನರೇ, ನಾನೂ ನಕ್ಕವನೇ. ಹೋದ ಬೇಸಿಗೆ ನಮ್ಮ ಬೀದಿ ನೀರಿನ ಅರ್ಜಿಯನ್ನ ಗ್ರಾಮಸಭೆಯಲ್ಲಿ ತಾನು ಓದ್ತೀನಿ ಅಂತ ಒಬ್ಬ ಸಹೋದರಿ ಬಂದರು. ಅಕ್ಕಾ, ನೀವು ಪ್ರಾರ್ಥನೆ ಮಾಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದೆ. ಆ ದಿನ ನನಗೆ ಜ್ವರ. ಅರ್ಜಿ ನನ್ನ ಬೈಬಲ್ ಒಳಗೇ ಉಳೀತು. ಬೀದಿಯವರು ಬೇಸಿಗೆಯೆಲ್ಲಾ ಕೊಡ ಹೊತ್ತರು.

ಅದು ಜ್ವರದ ತಪ್ಪಲ್ಲ, ನನ್ನ ತಪ್ಪು. ಆ ಅಕ್ಕನ ಹತ್ರ ಕ್ಷಮೆ ಕೇಳಿದ್ದೀನಿ. ಮುಂದಿನ ಗ್ರಾಮಸಭೆಯಲ್ಲಿ ಅವರೇ ಓದ್ತಾರೆ, ಬುಧವಾರದ ಉಪವಾಸ ಕೂಟ ಮುಗಿದ ಮೇಲೆ ಇಲ್ಲೇ ಅಭ್ಯಾಸ. ನಾನು ಹಿಂದಿನ ಸಾಲಲ್ಲಿ ಕೂತಿರ್ತೀನಿ. ನಿಮ್ಮಲ್ಲಿ ಇನ್ಯಾರು ಕಲೀತೀರಿ? ಕೈ ಎತ್ತಿ, ಪ್ರಾರ್ಥಿಸೋಣ. ಆಮೆನ್.