ಟೇಲರ್ ಸಾಹೇಬರ ಜ್ವರ ಮತ್ತು ಲಿವರ್ ಮೇಲಿನ ಅಪವಾದ

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ನಮ್ಮ ಭಾಗದವರಿಗೆ ಗೊತ್ತು. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 15ನೇ ವಯಸ್ಸಿಗೆ ಮುಂಬೈಗೆ ಬಂದು, ಮುಂದೆ ನಿಜಾಮರ ಸೇವೆ ಸೇರಿದರು. 1841ರಿಂದ 1853ರವರೆಗೆ ಬಾಲಕ ರಾಜ ವೆಂಕಟಪ್ಪ ನಾಯಕರ ಪರವಾಗಿ ಸುರಪುರದ ಆಡಳಿತ ನೋಡಿಕೊಂಡರು. ಕಾದಂಬರಿ ಬರೆದರು, ಚಿತ್ರ ಬಿಡಿಸಿದರು, ಈ ಸೀಮೆಯ ಪ್ರಾಚೀನ ಶಿಲಾಗೋರಿಗಳನ್ನು ದಾಖಲಿಸಿದರು.

1860ರಲ್ಲಿ ನಿವೃತ್ತರಾದ ಅವರಿಗೆ ಕೊನೆಗಾಲದಲ್ಲಿ ಕಣ್ಣು ಮಂಜಾಯಿತು. ವೈದ್ಯರ ಸಲಹೆಯಂತೆ 1875ರಲ್ಲಿ ಮತ್ತೆ ಭಾರತಕ್ಕೆ ಬಂದಾಗ ಕಾಡುಜ್ವರ ಹಿಡಿಯಿತು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ಇಂಥ ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಭಾರತದಲ್ಲಿದ್ದ ಆಂಗ್ಲರಿಗೆ ಸುಸ್ತು, ಅಜೀರ್ಣ, ಸಿಡುಕು ಏನೇ ಬಂದರೂ ಲಿವರ್ ಕೆಟ್ಟಿದೆ ಎನ್ನುತ್ತಿದ್ದರು. ಅದಕ್ಕೆ ಕ್ಯಾಲೊಮೆಲ್ ಎಂಬ ಪಾದರಸದ ಔಷಧಿ ಕೊಡುತ್ತಿದ್ದರು. ಒಸಡು ಕೊಳೆತು ಹಲ್ಲು ಉದುರಿದವರೂ ಇದ್ದರು.

ಚೀನೀ ಸಾಂಪ್ರದಾಯಿಕ ವೈದ್ಯದಲ್ಲೂ ಲಿವರ್ ದೋಷದ ಪಟ್ಟಿಯಿದೆ. ಅಲ್ಲಿ ಲಿವರ್ ಎಂದರೆ ‘ಚಿ’ ಎಂಬ ಪ್ರಾಣಶಕ್ತಿಯ ಹರಿವನ್ನು ನೋಡಿಕೊಳ್ಳುವ, ಕೋಪಕ್ಕೂ ಕಣ್ಣಿಗೂ ಸಂಬಂಧಿಸಿದ ಒಂದು ಕಲ್ಪನೆ. ಚಿ ಕಟ್ಟಿಕೊಂಡರೆ ಬೇಸರ, ನಿಟ್ಟುಸಿರು. ಲಿವರ್‌ನಲ್ಲಿ ಬೆಂಕಿ ಎದ್ದರೆ ಕೆಂಪುಗಣ್ಣು, ತಲೆನೋವು. ಅದರ ರಕ್ತ ಕಡಿಮೆಯಾದರೆ ಮಂಜುಗಣ್ಣು. ನಾಡಿ, ನಾಲಿಗೆ ನೋಡಿ ಇದನ್ನು ಗುರುತಿಸುತ್ತಾರೆ. ನಾವು ಪಿತ್ತ ಕೆದರಿದೆ ಎನ್ನುವಂತೆಯೇ ಇದೂ ಲಕ್ಷಣಗಳ ಗುಂಪಿಗೆ ಇಟ್ಟ ಹೆಸರು. ಹೊಟ್ಟೆಯ ಬಲಭಾಗದಲ್ಲಿರುವ ಲಿವರ್‌ಗೆ ರೋಗ ಬಂದಿದೆ ಎಂದು ಇದರಿಂದ ಹೇಳಲಾಗದು.

ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ. ಟೇಲರ್ ತೀರಿಕೊಂಡ 21 ವರ್ಷಗಳ ನಂತರ, 1897ರಲ್ಲಿ, ಅದೇ ನಿಜಾಮರ ಸೀಮೆಯ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಆ ಪರಾವಲಂಬಿ ಮನುಷ್ಯನ ಮೈ ಸೇರಿ ಮೊದಲು ಬೆಳೆಯುವುದು ಲಿವರ್‌ನಲ್ಲೇ! ಆದರೂ ತಪ್ಪು ಲಿವರ್‌ದಲ್ಲ, ಸೊಳ್ಳೆ ತಂದ ಪರಾವಲಂಬಿಯದು.

ಆದ್ದರಿಂದ ಯಾದಗಿರಿಯಲ್ಲಿರಲಿ, ಶಹಾಪುರದಲ್ಲಿರಲಿ, ಚಳಿಜ್ವರ ಬಂದರೆ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸೋಣ. ಕಣ್ಣು ಹಳದಿಯಾಗಿ ಮೂತ್ರ ಗಾಢವಾದರೆ ಬಿಲಿರುಬಿನ್ ಮತ್ತು ಹೆಪಟೈಟಿಸ್ ಪರೀಕ್ಷೆ ಬೇಕು. ಕಾರಣ ಗೊತ್ತಾಗುವ ಮೊದಲೇ ಲಿವರ್ ಶುದ್ಧಿಯ ಕಷಾಯ ಕುಡಿಯುತ್ತಾ ದಿನ ಕಳೆಯುವುದು ಬೇಡ.