ಕೀರ್ತಿಶೇಷ ಶ್ರೀ ರತ್ನವರ್ಮ ಹೆಗ್ಗಡೆಯವರು: ಧರ್ಮಪೀಠದಿಂದ ವಿಧಾನಸಭೆಗೆ

ಗೃಹಸ್ಥಧರ್ಮವನ್ನು ಆಚರಿಸುವ ಶ್ರಾವಕನಿಗೆ ಲೋಕಸೇವೆಯೂ ಒಂದು ವ್ರತವೇ ಸರಿ. ಆ ವ್ರತವನ್ನು ಧರ್ಮಪೀಠದಲ್ಲಿಯೂ ವಿಧಾನಸಭೆಯಲ್ಲಿಯೂ ಪಾಲಿಸಿದ ವಿರಳ ಪುರುಷರಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳದ ಇಪ್ಪತ್ತನೆಯ ಧರ್ಮಾಧಿಕಾರಿಗಳಾಗಿದ್ದ ಕೀರ್ತಿಶೇಷ ಶ್ರೀ ಡಿ. ರತ್ನವರ್ಮ ಹೆಗ್ಗಡೆಯವರು ಪ್ರಾತಃಸ್ಮರಣೀಯರು.

ಧರ್ಮಸ್ಥಳದ ಪರಂಪರೆ ಜಗತ್ತಿಗೇ ಅಪೂರ್ವವಾದುದು. ಅಲ್ಲಿ ಶ್ರೀ ಚಂದ್ರನಾಥ ಸ್ವಾಮಿಯ ಬಸದಿಯಿದೆ, ಶ್ರೀ ಮಂಜುನಾಥ ಸ್ವಾಮಿಯ ದೇವಾಲಯವಿದೆ, ಧರ್ಮದೈವಗಳ ಸನ್ನಿಧಾನವಿದೆ. ಆರಾಧಿಸಲ್ಪಡುವವನು ಶಿವ, ಅರ್ಚಿಸುವವರು ವೈಷ್ಣವರು, ಆಡಳಿತ ನಡೆಸುವವರು ಜೈನರಾದ ಹೆಗ್ಗಡೆ ಮನೆತನದವರು. 1933ರಲ್ಲಿ ಸರ್ವಧರ್ಮ ಸಮ್ಮೇಳನವನ್ನು ಆರಂಭಿಸಿದ ಶ್ರೀ ಮಂಜಯ್ಯ ಹೆಗ್ಗಡೆಯವರ ತರುವಾಯ, 1955ರಲ್ಲಿ ರತ್ನವರ್ಮ ಹೆಗ್ಗಡೆಯವರು ಪೀಠವನ್ನೇರಿದರು. ಅನ್ನ, ಔಷಧ, ವಿದ್ಯೆ, ಅಭಯವೆಂಬ ಚತುರ್ದಾನಗಳ ಜೊತೆಗೆ, ವ್ಯಾಜ್ಯ ಹೊತ್ತು ಬಂದವರ ಅಹವಾಲನ್ನು ಕೇಳಿ ನ್ಯಾಯ ಹೇಳುವ ಹೊಣೆಯೂ ಅವರ ಪಾಲಿಗೆ ಬಂದಿತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಮರುವರ್ಷವೇ ವಿಧಾನಸಭೆಗೆ ಚುನಾವಣೆ ನಡೆದಾಗ ಹೆಗ್ಗಡೆಯವರು ಬೆಳ್ತಂಗಡಿ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತರು. ಬೆಳ್ತಂಗಡಿಯ ನೆಲ ಹಿಂದೊಮ್ಮೆ ಜೈನ ಅರಸರು ಆಳಿದ ಸೀಮೆ. ಬಂಗಾಡಿಯಲ್ಲಿ ಬಂಗರು ಇದ್ದರು. ವೇಣೂರಿನಲ್ಲಿ ತಿಮ್ಮರಾಜ ಅಜಿಲನು 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಅಂಥ ನೆಲದಲ್ಲಿ ಅಧಿಕಾರವು ಇನ್ನು ವಂಶದಿಂದ ಬರುವುದಲ್ಲ, ಜನರ ಒಪ್ಪಿಗೆಯಿಂದ ಬರತಕ್ಕದ್ದು ಎಂಬ ಹೊಸ ಧರ್ಮಕ್ಕೆ ಹೆಗ್ಗಡೆಯವರು ತಲೆಬಾಗಿದರು.

ಇದು ಸಾಮಾನ್ಯವಾದ ನಿರ್ಧಾರವಲ್ಲ. ಆಗ ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬನಿಗೂ ಒಂದೇ ಮತವಿತ್ತು. ಅಭ್ಯರ್ಥಿಯಾದವನು 250 ರೂಪಾಯಿ ಠೇವಣಿ ಇಡಬೇಕಿತ್ತು. ಆ ಕಾಲದಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯಿರುತ್ತಿತ್ತು. ಮತದಾರನು ಮರೆಯಲ್ಲಿ ಒಬ್ಬನೇ ನಿಂತು, ತನಗೆ ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕುತ್ತಿದ್ದನು. ಕಾಂಗ್ರೆಸ್ಸಿನದು ಆಗ ಜೋಡೆತ್ತಿನ ಗುರುತಾಗಿತ್ತು. ಆ ಮರೆಯೊಳಗೆ ಪೀಠದ ಗೌರವಕ್ಕಾಗಲೀ ದಾಕ್ಷಿಣ್ಯಕ್ಕಾಗಲೀ ಪ್ರವೇಶವಿರಲಿಲ್ಲ. ನ್ಯಾಯ ಬೇಡಿ ಬಂದವರಿಗೆ ತೀರ್ಪು ಹೇಳುತ್ತಿದ್ದವರು, ಅದೇ ಜನರ ತೀರ್ಪಿಗೆ ತಮ್ಮನ್ನು ಒಪ್ಪಿಸಿಕೊಂಡರು. ಸೋತಿದ್ದರೆ ಆಡಿಕೊಳ್ಳುವವರ ಬಾಯಿಗೆ ಪೀಠವೂ ಸಿಕ್ಕುತ್ತಿತ್ತು. ಗೆದ್ದುದು ಕೇವಲ ಜೈನಬಾಂಧವರ ಮತದಿಂದಲ್ಲ. ಆ ತಾಲ್ಲೂಕಿನಲ್ಲಿ ಜೈನರು ಅಲ್ಪಸಂಖ್ಯಾತರು. ಸಕಲ ಜಾತಿಮತಗಳ ಜನರೂ ಚೀಟಿ ಹಾಕಿದುದರಿಂದಲೇ ಆ ಗೆಲುವು ಸಾಧ್ಯವಾಯಿತು.

ಆ ವಿಧಾನಸಭೆಯಲ್ಲಿ 208 ಸ್ಥಾನಗಳಿದ್ದವು. ಕರಾವಳಿಯಿಂದ ಹೋದ ಹೆಗ್ಗಡೆಯವರೂ, ನಿಜಾಮರ ಆಳ್ವಿಕೆಯನ್ನು ಕಂಡಿದ್ದ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಿಂದ ಬಂದ ಪ್ರತಿನಿಧಿಗಳೂ ಒಂದೇ ಸೂರಿನಡಿ ಕುಳಿತು ಏಕೀಕೃತ ನಾಡಿನ ಶಾಸನಗಳನ್ನು ರೂಪಿಸುವ ಯೋಗ ಒದಗಿತು. 1962ರ ಚುನಾವಣೆಯಲ್ಲಿ ಬೆಳ್ತಂಗಡಿಯಿಂದ ಶ್ರೀ ಬಿ. ವೈಕುಂಠ ಬಾಳಿಗರು ಆರಿಸಿ ಬಂದು ಸಭಾಧ್ಯಕ್ಷರಾದರು. ಹೆಗ್ಗಡೆಯವರ ಶಾಸಕತ್ವ ಮುಗಿಯಿತು, ಸೇವೆ ಮುಗಿಯಲಿಲ್ಲ.

1966ರಲ್ಲಿ ಉಜಿರೆಯಲ್ಲಿ ಅವರು ಕಾಲೇಜನ್ನು ಸ್ಥಾಪಿಸಿ ಗ್ರಾಮಾಂತರದ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆದರು. ಧರ್ಮಸ್ಥಳದಲ್ಲಿ ಭಗವಾನ್ ಬಾಹುಬಲಿಯನ್ನು ಪ್ರತಿಷ್ಠಾಪಿಸಬೇಕೆಂಬ ಮಹಾಸಂಕಲ್ಪವನ್ನು ಕೈಗೊಂಡರು. ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರ ನೇತೃತ್ವದಲ್ಲಿ ಕಾರ್ಕಳದಲ್ಲಿ 39 ಅಡಿಯ ಮೂರ್ತಿಯ ಕೆತ್ತನೆ ಸಾಗಿತು. ಆದರೆ ಅದರ ಪೂರ್ಣರೂಪವನ್ನು ಕಾಣುವ ಮುನ್ನವೇ, 1968ರಲ್ಲಿ ಅವರು ದಿವಂಗತರಾದರು. ಅದೇ ವರ್ಷ ಅಕ್ಟೋಬರ್ 24ರಂದು, ಇನ್ನೂ ಇಪ್ಪತ್ತು ತುಂಬದ ಸುಪುತ್ರ ಶ್ರೀ ವೀರೇಂದ್ರ ಹೆಗ್ಗಡೆಯವರಿಗೆ ಪಟ್ಟಾಭಿಷೇಕವಾಯಿತು. 1973ರಲ್ಲಿ ಮೂರ್ತಿ ಧರ್ಮಸ್ಥಳಕ್ಕೆ ಬಂದಿತು. 1982ರಲ್ಲಿ ರತ್ನಗಿರಿಯ ಮೇಲೆ ಪ್ರತಿಷ್ಠಾಪನೆಗೊಂಡಿತು.

ಸಮಾಜದಲ್ಲಿ ಸಂಖ್ಯೆ ಅಲ್ಪವೆಂದು ಸಾರ್ವಜನಿಕ ಜೀವನದಿಂದ ಹಿಂಜರಿಯುವ ಶ್ರಾವಕರಿಗೆ ಈ ಬಾಳು ದಾರಿದೀಪ. ನೆರೆಯವರ ವಿಶ್ವಾಸವನ್ನು ಸಂಪಾದಿಸಿದವನಿಗೆ ಸಂಖ್ಯೆಯ ಕೊರತೆ ಅಡ್ಡಿಯಾಗದು. ಪ್ರತಿಷ್ಠೆಯ ಶುಭಸಂದರ್ಭದಲ್ಲಿ, ತಾವು ಕಾಣದ ಪ್ರತಿಷ್ಠೆಗೆ ಅಡಿಗಲ್ಲಾದ ಆ ಪುಣ್ಯಪುರುಷರ ಸ್ಮರಣೆ ಸರ್ವರಿಗೂ ಶ್ರೇಯಸ್ಕರವಾಗಲಿ.