ಸರ್ಪಗಂಧಿಯ ಬೇರೂ ಡಾ॥ ವಕೀಲರೂ

ವೀರರ ಮತ್ತು ಕವಿಗಳ ಚರಿತ್ರೆಯನ್ನು ನಾವು ಬಾಲ್ಯದಿಂದಲೂ ಓದುತ್ತ ಬಂದಿದ್ದೇವೆ. ವೈದ್ಯರ ಚರಿತ್ರೆಯನ್ನು ಓದುವವರು ವಿರಳ. ಆದ್ದರಿಂದ ಡಾ॥ ರುಸ್ತುಂ ಜಾಲ್ ವಕೀಲರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ.

ಪಾರ್ಸಿ ಮನೆತನದ ಇವರು 1911ರಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಮುಂಬಯಿಗೆ ಹಿಂದಿರುಗಿ, ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಹೃದ್ರೋಗಿಗಳ ಚಿಕಿತ್ಸೆಯಲ್ಲಿ ತೊಡಗಿದರು. ಏರಿದ ರಕ್ತದೊತ್ತಡಕ್ಕೆ ಆಗ ಉಪ್ಪು ಬಿಡಿಸುವುದು, ಹಾಸಿಗೆಯಲ್ಲಿ ಮಲಗಿಸುವುದು ಇವನ್ನು ಬಿಟ್ಟರೆ ನೆಚ್ಚತಕ್ಕ ಮದ್ದು ಇರಲಿಲ್ಲವೆಂದೇ ಹೇಳಬೇಕು. ಒತ್ತಡವು ವರ್ಷಗಟ್ಟಲೆ ಇಳಿಯದಿದ್ದರೆ ಹೃದಯವು ಹೇರು ಹೊತ್ತ ಎತ್ತಿನಂತೆ ದಣಿದು ಕೊನೆಗೆ ಸೋಲುತ್ತದೆ. ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ.

ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರನ್ನು ಹಿಂದಿನ ವೈದ್ಯರು ಹಾವಿನ ವಿಷಕ್ಕೂ ಬುದ್ಧಿಭ್ರಮಣೆಗೂ ಕೊಡುತ್ತಿದ್ದರು. ಅದು ರಕ್ತದೊತ್ತಡವನ್ನು ಇಳಿಸುವುದೆಂದು 1931ರಲ್ಲಿ ಕಲಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಪ್ರಕಟಿಸಿದ್ದರು. ವಕೀಲರು ಈ ಬೇರನ್ನು ಹಳೆಯದೆಂದು ತಳ್ಳಲಿಲ್ಲ. ನಮ್ಮದೆಂದು ಕಣ್ಣು ಮುಚ್ಚಿ ನಂಬಲೂ ಇಲ್ಲ. ಐವತ್ತು ಮಂದಿ ರೋಗಿಗಳಿಗೆ ಬೇರಿನ ಮಾತ್ರೆಗಳನ್ನು ಕೊಟ್ಟು, ಒತ್ತಡವನ್ನು ಅಳೆದು ಬರೆದಿಟ್ಟರು. ನಾಲ್ಕು ವಾರಗಳಲ್ಲಿ ನೂರಕ್ಕೆ 80ಕ್ಕೂ ಮಿಕ್ಕವರಲ್ಲಿ ಅದು ಇಳಿದಿತ್ತು. 1949ರಲ್ಲಿ ಈ ಫಲಿತಾಂಶವು 'ಬ್ರಿಟಿಷ್ ಹಾರ್ಟ್ ಜರ್ನಲ್' ಪತ್ರಿಕೆಯಲ್ಲಿ ಅಚ್ಚಾಯಿತು. ಬಳಿಕ ಬಾಸ್ಟನ್ ನಗರದ ರಾಬರ್ಟ್ ವಿಲ್ಕಿನ್ಸರು ತಾವೂ ಅದನ್ನು ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯವರು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ತೆಗೆದರು. ನರಗಳ ತುದಿಯಲ್ಲಿ ಸಂಗ್ರಹವಾಗಿರುವ, ರಕ್ತನಾಳವನ್ನು ಬಿಗಿಯುವ ದ್ರವ್ಯವನ್ನು ಬರಿದುಮಾಡುವುದೇ ಅದರ ಗುಣ.

ವಕೀಲರಿಗೆ 1957ರಲ್ಲಿ ಅಮೆರಿಕೆಯ ಲಾಸ್ಕರ್ ಪ್ರಶಸ್ತಿಯೂ 1958ರಲ್ಲಿ ಪದ್ಮಭೂಷಣವೂ ದೊರೆತವು. 1974ರಲ್ಲಿ ಅವರು ತೀರಿಕೊಂಡರು. ಹೆಚ್ಚು ಪ್ರಮಾಣದಲ್ಲಿ ರಿಸರ್ಪಿನ್ ಸೇವಿಸಿದ ಕೆಲವರ ಮನಸ್ಸು ಕುಗ್ಗಿದುದು ಕಂಡುಬಂದು ಅದರ ಬಳಕೆ ತಗ್ಗಿತು. ಇಂದು ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಮುಂತಾದ ಮಾತ್ರೆಗಳು ಆ ಸ್ಥಾನದಲ್ಲಿವೆ. ಆದರೂ ಒತ್ತಡವನ್ನು ಮದ್ದಿನಿಂದ ಹತೋಟಿಯಲ್ಲಿಡಬಹುದೆಂಬ ಧೈರ್ಯವನ್ನು ತಂದವರಲ್ಲಿ ವಕೀಲರು ಮೊದಲ ಸಾಲಿನವರು.

ನಾನು ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯವನು. ತಲೆಸುತ್ತು ನಿಂತಿತೆಂದು ಬಿ.ಪಿ. ಮಾತ್ರೆಯನ್ನೂ ನಿಲ್ಲಿಸಿಬಿಡುವ ಹಿರಿಯರನ್ನು ನಮ್ಮೂರಿನಲ್ಲಿ ಕಂಡಿದ್ದೇನೆ. ಸುತ್ತು ನಿಂತರೂ ಒತ್ತಡ ಇಳಿದಿರಬೇಕೆಂದಿಲ್ಲ. ಅಳೆದಲ್ಲದೆ ಅದು ತಿಳಿಯದು. ಮಿತ್ರರೇ, ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಆಸ್ಪತ್ರೆಗೆ ಕರೆದೊಯ್ದು ಒತ್ತಡವನ್ನು ಅಳೆಯಿಸೋಣ. ವೈದ್ಯರು ಹೇಳದೆ ಮಾತ್ರೆ ಬಿಡದಂತೆ ನೋಡಿಕೊಳ್ಳೋಣ.